ಬಾಯಿಬಿಟ್ಟು ಹೇಳದವರು

ಮಾರ್ಚ್ 4, ಮಂಗಳವಾರ

ಆಸ್ಪತ್ರೆಯಿಂದ ಮನೆಗೆ ಬಂದೆ. ಗಂಟಲನ್ನು ಒಳಗಿನಿಂದ ಯಾರೋ ಉಪ್ಪುಕಾಗದ ಹಾಕಿ ತಿಕ್ಕಿದ ಹಾಗಿದೆ. ದನಿ ಹೊರಡುವ ಜಾಗದಲ್ಲಿ ಬೆಳೆದಿದ್ದ ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಅದು ಕೆಟ್ಟ ಗಂಟೋ ಅಲ್ಲವೋ ತಿಳಿಯಲು ದಿನ ಹಿಡಿಯುತ್ತದಂತೆ. ಏನೇ ಬರಲಿ, ಮೂರು ವಾರ ಒಂದು ಮಾತೂ ಆಡಕೂಡದು. ಪಿಸುಮಾತು ಮಾತಿಗಿಂತ ಕೆಟ್ಟದ್ದೆಂದು ಡಾಕ್ಟರು ಎರಡು ಸಲ ಹೇಳಿದರು. ನನ್ನ ಮುಖ ನೋಡಿಯೇ ನಾನು ಎಂಥವನೆಂದು ಅವರಿಗೆ ಗೊತ್ತಾಗಿರಬೇಕು.

ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದು ನನ್ನ ಕೆಲಸ. ಜೊತೆಯವರು ನನ್ನನ್ನು ಕರೆಯುವುದೂ ‘ಮೈಕು’ ಎಂದೇ. ಮಾತಿಲ್ಲದೆ ನಾನು ಇದ್ದದ್ದು ನಿದ್ದೆಯಲ್ಲಿ ಮಾತ್ರ. ಅದೂ ಅನುಮಾನ ಎನ್ನುತ್ತಾಳೆ ಹೆಂಡತಿ. ಹೊಟ್ಟೆಯಲ್ಲಿ ಉಳಿದುಹೋಗುವ ಮಾತನ್ನು ಎಲ್ಲಾದರೂ ಸುರಿಯಬೇಕಲ್ಲ, ಅದಕ್ಕೆ ಬರೆಯಲು ಕೂತಿದ್ದೇನೆ.

ಮೊದಲು ಮನಸ್ಸನ್ನು ಕೊರೆಯುತ್ತಿರುವುದನ್ನೇ ಬರೆಯುತ್ತೇನೆ. ಆಪರೇಶನ್ನಿನ ಹಿಂದಿನ ಸಂಜೆ ನನಗೆ ಭಯವಾಗಿತ್ತು. ಹೆಂಡತಿ ಆಸ್ಪತ್ರೆಗೆ ಬೇಕಾದದ್ದನ್ನು ಚೀಲಕ್ಕೆ ತುಂಬುತ್ತಿದ್ದಳು. ನಾಳೆ ನನ್ನ ದನಿ ಇರುತ್ತದೋ ಇಲ್ಲವೋ, ಮದುವೆಯಾಗಿ ಎರಡು ವರ್ಷವಾಯಿತು, ಒಂದೇ ಒಂದು ಸಲ ಬಾಯಿಬಿಟ್ಟು ‘ನೀವಂದ್ರೆ ನನಗೆ ಇಷ್ಟ’ ಎಂದು ಹೇಳು ಎಂದೆ. ಅವಳು ತಲೆ ಎತ್ತದೆ, “ಟವಲು ಎರಡು ಇಟ್ಟಿದ್ದೀನಿ. ಒಂದು ಒದ್ದೆಯಾದ್ರೆ ಇನ್ನೊಂದಿರಲಿ” ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು. “ನಿನ್ನಂಥ ಕಲ್ಲಿನ ಜೊತೆ ಬಾಳೋದಕ್ಕಿಂತ ಒಬ್ಬನೇ ಇರೋದು ವಾಸಿ” ಅಂದುಬಿಟ್ಟೆ.

ಅವಳು ಎದ್ದಳು. ಒಳಗೆ ಹೋಗಿ ಮೂರನೆಯ ಟವಲು ತಂದು ಚೀಲಕ್ಕೆ ಹಾಕಿದಳು. ಮರುದಿನ ಬೆಳಿಗ್ಗೆ ಮಾತಿಗೆ ಪುರುಸೊತ್ತೇ ಸಿಗಲಿಲ್ಲ. ಹೀಗೆ ನನ್ನ ಹಳೆಯ ದನಿಯ ಕೊನೆಯ ಮಾತು ಅದೇ ಆಯಿತು.

ಮಾರ್ಚ್ 5, ಬುಧವಾರ

ನನಗಾಗಿ ಸ್ಲೇಟು, ಬಳಪ ತಂದಿದ್ದಾಳೆ. ಅವಳು ಎದುರಿಗೆ ಬಂದಾಗ ‘ಆವತ್ತು ಹಾಗಂದದ್ದು ತಪ್ಪಾಯಿತು. ನೀನೇ ನನ್ನ ಪ್ರಾಣ’ ಎಂದು ದುಂಡಗೆ ಬರೆದು ಹಿಡಿದೆ. ಓದಿದಳು. ಅಂಗೈಯಿಂದ ಅಳಿಸಿದಳು.

“ಇದೆಲ್ಲ ಬೇಡ. ನುಂಗುವಾಗ ನೋವಿದೆಯಾ ಇಲ್ವಾ, ಅದನ್ನ ಬರೀರಿ.”

‘ಇದೆ’ ಎಂದು ಬರೆದೆ.

“ಇದ್ರೆ ಮತ್ತೆ ಬೆಳಿಗ್ಗೆಯಿಂದ ನೀರು ಯಾಕೆ ಕುಡಿದಿಲ್ಲ? ಚೊಂಬು ಇಟ್ಟ ಹಾಗೇ ಇದೆ. ಹೇಳೋಕೆ ಒಬ್ಬರು ಬೇಕಾ ನಿಮಗೆ?”

ಕುಡಿಯುವವರೆಗೆ ನಿಂತಿದ್ದು ಕೆಲಸಕ್ಕೆ ಹೋದಳು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಕಲಿಸುವವರ ಕಾಲಡಿಗೂ ಒಂದು ಬ್ರೇಕು ಇರುತ್ತದೆ, ಹಾಗಾಗಿ ಎಲ್ಲರ ಬಾಯಲ್ಲಿ ‘ಬ್ರೇಕ್ ಮೇಡಂ’. ನನ್ನ ಮಾತಿಗೂ ಅವಳ ಕಾಲು ಬ್ರೇಕಿನ ಮೇಲೇ ಇರುತ್ತದೆ.

ಮಾರ್ಚ್ 7, ಶುಕ್ರವಾರ

ಅಮ್ಮನ ಫೋನು. ನಾನು ಉತ್ತರ ಕೊಡುವಂತಿಲ್ಲವೆಂದು ಗೊತ್ತಿದ್ದೂ ಅರ್ಧ ಗಂಟೆ ಮಾತಾಡಿದಳು. ನನ್ನ ಬಂಗಾರ, ನನ್ನ ಮುದ್ದು, ಅಮ್ಮನ ಉಸಿರು ಕಣೋ ನೀನು. ಹೌದೆನ್ನಲು ನಾನು ಫೋನನ್ನು ಉಗುರಿನಿಂದ ಕುಟ್ಟುತ್ತಿದ್ದೆ.

ನಮ್ಮ ಕಡೆ, ಹೊಳೆಯಾಚೆಯ ಬಯಲಿನವರು ನಾವು, ಎಲ್ಲರೂ ಹೀಗೇ. ಅಪ್ಪ ಇದ್ದಾಗ ಪ್ರತಿ ಬೆಳಿಗ್ಗೆ ಬೀದಿಯ ತಿರುವಿನಲ್ಲಿ ನಿಂತು, ನಿನ್ನ ಬಿಟ್ಟು ಹೋಗೋಕೆ ಕಾಲೇ ಬರ್ತಿಲ್ಲ ಕಣೇ ಎಂದು ಅಮ್ಮನಿಗೆ ಕೂಗಿ ಹೇಳುತ್ತಿದ್ದರು. ಅವರ ಕೆಲಸ ಇದ್ದದ್ದು ಪಕ್ಕದ ಬೀದಿಯಲ್ಲಿ. ಅಕ್ಕಪಕ್ಕದವರು ತಿರುಗಿಯೂ ನೋಡುತ್ತಿರಲಿಲ್ಲ, ಅವರವರ ಮನೆ ಬಾಗಿಲಲ್ಲೂ ಅದೇ ನಡೆದಿರುತ್ತಿತ್ತು. ನಾನು ಮದುವೆಯ ಮರುದಿನವೇ ನಿಲ್ದಾಣದ ಮೈಕಿನಲ್ಲಿ, ಊರಿಗೆ ಹೊರಟಿದ್ದ ಹೆಂಡತಿಗೆ ಬೇಗ ವಾಪಸ್ ಬಾ ಚಿನ್ನ ಎಂದಿದ್ದೆ. ಅವಳು ಬಸ್ಸಿನ ಕಿಟಕಿಯಿಂದ ತಲೆ ಒಳಗೆಳೆದುಕೊಂಡದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳದು ಗುಡ್ಡದ ಕಡೆ. ಅಲ್ಲಿ ಗಂಡಹೆಂಡಿರು ಪ್ರೀತಿಯನ್ನು ಬಾಯಲ್ಲಿ ಹೇಳಿಕೊಳ್ಳುವುದೆಂದರೆ ಬೀದಿಯಲ್ಲಿ ಸ್ನಾನ ಮಾಡಿದ ಹಾಗೆ.

ಅಮ್ಮ ಕೊನೆಗೆ ಫೋನನ್ನು ಸೊಸೆಗೆ ಕೊಡಿಸಿ, ದಿನಾ ಅವನಿಗೆ ನಾಲ್ಕು ಪ್ರೀತಿಯ ಮಾತು ಹೇಳಮ್ಮ, ಅದರಲ್ಲೇ ಬೆಳೆದ ಹುಡುಗ ಎಂದಳು. ಇವಳು ಹ್ಞೂಂ ಅತ್ತೆ, ಮಾತ್ರೆ ಹೊತ್ತುಹೊತ್ತಿಗೆ ಕೊಡ್ತಿದ್ದೀನಿ ಎಂದು ಇಟ್ಟಳು.

ಮಾರ್ಚ್ 9, ಭಾನುವಾರ

ಅತ್ತೆ, ಮಾವ ನನ್ನನ್ನು ನೋಡಲು ಬಂದು ಹೋದರು. ಒಳಗೆ ಬಂದವರೇ ಮಾವ ನನ್ನ ಗಂಟಲು ನೋಡಿದರು, ಅಲ್ಲಿ ಕಾಣುವಂಥದ್ದೇನೂ ಇಲ್ಲವಾದ್ದರಿಂದ ಫ್ಯಾನ್ ನೋಡಿದರು. ಫ್ಯಾನ್ ಅಲ್ಲಾಡ್ತದೆ ಎಂದರು. ಅಷ್ಟೇ ಅವರ ವಿಚಾರಣೆ.

ಹಿಂದೆ ಅವರು ಬಂದಾಗಲೆಲ್ಲ ಮಾತೆಲ್ಲ ನನ್ನದೇ ಇರುತ್ತಿತ್ತು. ಈ ಸಲ ಬೇರೆ ದಾರಿಯಿಲ್ಲದೆ ನೋಡುತ್ತ ಕೂತೆ. ಅತ್ತೆಯ ಮುಖಕ್ಕೆ ಕಿಟಕಿಯ ಬಿಸಿಲು ಬೀಳುತ್ತಿತ್ತು. ಮಾವ ಪೇಪರು ಓದುತ್ತಲೇ ತಮ್ಮ ಕುರ್ಚಿಯನ್ನು ಇಷ್ಟಿಷ್ಟೇ ಸರಿಸಿ, ತಮ್ಮ ನೆರಳು ಅತ್ತೆಯ ಮೇಲೆ ಬೀಳುವಂತೆ ಕೂತರು. ಬಿಸಿಲು ಸರಿದಂತೆ ಕುರ್ಚಿಯೂ ಸರಿಯುತ್ತಿತ್ತು. ಅತ್ತೆಗೆ ರೇಗಿತು.

“ಈ ಮನುಷ್ಯ ಒಂದು ಕಡೆ ನೆಟ್ಟಗೆ ಕೂತವರಲ್ಲ. ಬೇರೆಯವರ ಮನೆ ನೆಲ ಗೀರಿಹಾಕ್ತಾರೆ ಈಗ.”

ಬೈಯುತ್ತಲೇ ಬ್ರೆಡ್ಡಿನ ಗಟ್ಟಿ ಅಂಚನ್ನೆಲ್ಲ ಕಿತ್ತು ತಾವು ತಿಂದು, ಮೆತ್ತಗಿನದನ್ನು ಮಾವನ ತಟ್ಟೆಗೆ ತಳ್ಳಿದರು. ಮಾವನ ಹಲ್ಲು ಸರಿಯಿಲ್ಲ.

ಊಟವಾದ ಮೇಲೆ ಮಾವ ಒಂದು ಕಥೆ ಹೇಳಿದರು. ಅವರು ಕಥೆ ಹೇಳಿದ್ದನ್ನು ನಾನು ಕೇಳಿದ್ದೇ ಮೊದಲು, ಬಹುಶಃ ಅವರಿಗೂ ಮೊದಲು ಸಂದು ಸಿಕ್ಕಿದ್ದು. ಮದುವೆಯಾದ ಹೊಸತರಲ್ಲಿ ಸೇತುವೆ ಕಟ್ಟುವ ಕೆಲಸಕ್ಕೆಂದು ದೂರ ಹೋದವರು ವರ್ಷದ ಮೇಲೆ ಮನೆಗೆ ಬಂದರಂತೆ. ಅತ್ತೆ ಒಲೆಯ ಮುಂದೆ ಇದ್ದರಂತೆ. ತಿರುಗಿ ನೋಡಿ ಅವರು ಹೇಳಿದ ಮೊದಲ ಮಾತು, “ಬಾಗಿಲು ಹಾಕಿ, ನೊಣ ಬರ್ತವೆ.”

ಇದನ್ನು ಹೇಳುವಾಗ ಮಾವನ ಮುಖ ಪದಕ ಗೆದ್ದವರ ಮುಖದ ಹಾಗಿತ್ತು. ಅತ್ತೆ ಎದ್ದು ಅಡುಗೆಮನೆಗೆ ಹೋದರು. ಹೆಂಡತಿಯ ಕಡೆ ನೋಡಿದೆ, ಅವಳು ನನ್ನನ್ನೇ ನೋಡುತ್ತಿದ್ದಳು. ಕೂಡಲೇ ಟೇಬಲ್ ಒರೆಸತೊಡಗಿದಳು.

ನೊಣದ ಮಾತಿಗೆ ಇಷ್ಟೊಂದು ಹೆಮ್ಮೆ ಯಾಕೋ.

ಮಾರ್ಚ್ 11, ಮಂಗಳವಾರ

ಪರೀಕ್ಷೆಯ ಫಲಿತಾಂಶ ಬಂದಿಲ್ಲ. ಬರೆಯಲು ಮನಸ್ಸಿಲ್ಲ.

ಮಾರ್ಚ್ 12, ಬುಧವಾರ

ಇವತ್ತೂ ಇಲ್ಲ. ಕೆಳಗಿನ ಮನೆಯ ಮುದುಕ ದಂಪತಿ ಹಣ್ಣು ತಂದಿದ್ದರು. ಇವರು ಮೂರನೆಯದೇ ಒಂದು ಕಡೆಯವರು, ಸಮುದ್ರದ ಹತ್ತಿರದವರು. ತಾವು ಮೊದಲು ಕೂತುಕೊಳ್ಳಿ, ಇಲ್ಲ ತಾವು ಕೂತ ಮೇಲೆಯೇ, ಎಂದು ಗಂಡಹೆಂಡತಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಬಹಳ ಹೊತ್ತು ನಿಂತೇ ಇದ್ದರು. ಇವರ ನಡುವೆ ಕೋರ್ಟಿನಲ್ಲಿ ಏನೋ ಕೇಸು ನಡೆಯುತ್ತಿರಬೇಕೆಂದು ನಾನು ಮೊದಲಿನಿಂದ ಅಂದುಕೊಂಡಿದ್ದೆ. ಹಾಗಲ್ಲವಂತೆ. ಅವರ ಕಡೆ ಪ್ರೀತಿ ಹೆಚ್ಚಾದಷ್ಟೂ ಮರ್ಯಾದೆ ಹೆಚ್ಚಂತೆ. ಒಂದು ಸಲ ಅಜ್ಜ ಮರೆತು ‘ನೀನು’ ಅಂದದ್ದಕ್ಕೆ ಅಜ್ಜಿ ಊಟ ಬಿಟ್ಟು ಮಲಗಿದ್ದರಂತೆ. ಇದನ್ನೆಲ್ಲ ಹೇಳಿದವಳು ಹೆಂಡತಿ. ಯಾರ ಮನೆಯ ಸುದ್ದಿಯೂ ಆಡದವಳು ಇವತ್ತು ಕೂತು ಹೇಳಿದಳು. ನಾನು ನಕ್ಕೆ, ಸದ್ದಿಲ್ಲದೆ, ಭುಜ ಮಾತ್ರ ಕುಣಿಯಿತು. ನನ್ನ ಭುಜ ನೋಡಿ ಅವಳಿಗೂ ನಗು ಬಂತು.

ಮಾರ್ಚ್ 14, ಶುಕ್ರವಾರ

ಮನೆಯಲ್ಲಿ ಒಬ್ಬನೇ ಕೂತರೆ ಇಲ್ಲದ್ದನ್ನೆಲ್ಲ ಯೋಚಿಸುತ್ತೀರಿ ಎಂದು ಹೆಂಡತಿ ನನ್ನನ್ನು ಕೆಲಸಕ್ಕೆ ಕರೆದುಕೊಂಡು ಹೋದಳು. ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ಕಲಿಯಲು ಬಂದಿದ್ದವರು ಒಬ್ಬ ಬ್ಯಾಂಕ್ ಗುಮಾಸ್ತರು, ಭಯಸ್ಥ ಮನುಷ್ಯ. ಸ್ಟೀರಿಂಗನ್ನು ಬಾವಿಯ ಹಗ್ಗದಂತೆ ಹಿಡಿದಿದ್ದರು.

ಕಾರು ನಿಂತಿತು. “ಪರವಾಗಿಲ್ಲ ಸರ್, ನಿಧಾನಕ್ಕೆ ಮತ್ತೆ ಶುರು ಮಾಡಿ” ಅಂದಳು. ಮತ್ತೆ ನಿಂತಿತು. ಹಿಂದಿನವರು ಹಾರ್ನ್ ಹೊಡೆದರು. ಅವರಿಗೆ ಅವಸರ, ನಮಗಿಲ್ಲ ಅಂದಳು. ಗುಮಾಸ್ತರು ಗೇರ್ ತಪ್ಪಿಸಿದರು, ತಿರುಗಬೇಕಾದಲ್ಲಿ ತಿರುಗಲಿಲ್ಲ, ಒಂದು ಕಂಬದ ಹತ್ತಿರ ಹೋಗಿ ಕ್ಷಮಾಪಣೆ ಕೇಳಿದರು. ಅವಳ ದನಿ ಒಂದು ಸಲವೂ ಏರಲಿಲ್ಲ. ಬೆಣ್ಣೆಯಂಥ ಮಾತು. ಯಾರೋ ಗುಮಾಸ್ತರಿಗೆ ಸಿಗುವ ಈ ಸಮಾಧಾನದಲ್ಲಿ ಕಾಲು ಭಾಗ ಕಟ್ಟಿಕೊಂಡ ಗಂಡನಿಗೆ ಸಿಕ್ಕಿದ್ದರೆ ಎಂದು ಹಿಂದೆ ಕೂತು ಕುದಿಯುತ್ತಿದ್ದೆ.

ಆಗ ಅಡ್ಡರಸ್ತೆಯಿಂದ ಒಂದು ತಳ್ಳುಗಾಡಿ ಬಂತು. ಗುಮಾಸ್ತರು ಬ್ರೇಕೆಂದುಕೊಂಡು ಇನ್ನೊಂದನ್ನು ಒತ್ತಿದರು. ಹೆಂಡತಿ ತನ್ನ ಬ್ರೇಕು ತುಳಿದಳು. ಕಾರು ಗಾಡಿಗೆ ಒಂದು ಗೇಣಿರುವಾಗ ನಿಂತಿತು. ನಾನು ಮುಂದಿನ ಸೀಟಿಗೆ ಹಣೆ ಬಡಿದುಕೊಂಡೆ.

ಅವಳು ಗಾಡಿಯವನನ್ನು ನೋಡಲಿಲ್ಲ, ಗುಮಾಸ್ತರನ್ನೂ ನೋಡಲಿಲ್ಲ. ಪೂರ್ತಿ ಹಿಂದಕ್ಕೆ ತಿರುಗಿದಳು.

“ಬೆಲ್ಟ್ ಯಾಕೆ ಹಾಕಿಲ್ಲ ನೀವು? ಹಿಂದೆ ಕೂತವರಿಗೆ ಏನೂ ಆಗಲ್ಲ ಅಂತ ಯಾರು ಹೇಳಿದ್ದು ನಿಮಗೆ? ಗಂಟಲಂತೂ ಹೋಗಿದೆ, ಇನ್ನು ತಲೇನೂ ಹೋಗಲಿ ಅಂತಾನಾ? ಸ್ವಲ್ಪಾನಾದ್ರೂ ಬುದ್ಧಿ ಇದೆಯೇನ್ರೀ?”

ನಿಲ್ಲಿಸಲೇ ಇಲ್ಲ. ಬೈಯುತ್ತಲೇ ಕೈಚಾಚಿ ನನ್ನ ಹಣೆ ಮುಟ್ಟಿ ನೋಡಿದಳು. ಇಳಿಯುವಾಗ ಗುಮಾಸ್ತರು ನನ್ನ ಹತ್ತಿರ ಬಂದು, “ಮೇಡಂಗೆ ಕೋಪ ಬರತ್ತೆ ಅಂತಾನೇ ನನಗೆ ಗೊತ್ತಿರಲಿಲ್ಲ ಸರ್. ಎರಡು ತಿಂಗಳಿಂದ ಕಲೀತಿದ್ದೀನಿ, ಒಂದು ಮಾತು ಅಂದಿಲ್ಲ ನನಗೆ” ಅಂದರು.

ಹಣೆ ಊದಿದೆ. ಇದನ್ನು ಬರೆಯುವಾಗಲೂ ಅವಳು ಆಚೆ ಕೋಣೆಯಿಂದ ಬೆಲ್ಟಿನ ವಿಷಯ ಹೇಳುತ್ತಿದ್ದಾಳೆ. ವಿಚಿತ್ರವೆಂದರೆ, ನಿಲ್ಲಿಸಲಿ ಎಂದು ಅನ್ನಿಸುತ್ತಿಲ್ಲ.

ಮಾರ್ಚ್ 18, ಮಂಗಳವಾರ

ಕೆಟ್ಟ ಗಂಟು ಅಲ್ಲ.

ಡಾಕ್ಟರು ಕಾಗದ ಓದಿ, ಹೆದರುವಂಥದ್ದು ಏನೂ ಇಲ್ಲ ಎಂದರು. ಹೆಂಡತಿ, “ನಿಮ್ಮ ಬಾಗಿಲ ಬೋರ್ಡು ಸೊಟ್ಟಗಿದೆ” ಅಂದಳು. ಡಾಕ್ಟರು ಗಾಬರಿಯಾಗಿ ನನ್ನ ಕಡೆ ನೋಡಿದರು. ಹೇಗೆ ಬಿಡಿಸಿ ಹೇಳುವುದು? ಗುಡ್ಡದ ಕಡೆಯವರು ಡಾಕ್ಟರೇ, ಬಹಳ ಸಂತೋಷವಾಗಿದೆ ಅವಳಿಗೆ, ಎಂದು ಬರೆಯೋಣವೆಂದರೆ ಸ್ಲೇಟು ಕಾರಿನಲ್ಲಿತ್ತು. ಅವಳು ಹೊರಗೆ ಹೋಗಿ ಬೋರ್ಡನ್ನು ನೆಟ್ಟಗೆ ಮಾಡಿ ಹೊರಟುಹೋದಳು.

ಔಷಧಿ ತೆಗೆದುಕೊಂಡು ನಾನು ಕೆಳಗೆ ಬಂದಾಗ ಕಾರಿನಲ್ಲಿ ಕೂತಿದ್ದಳು. ಕೀಲಿ ತಿರುಗಿಸಿರಲಿಲ್ಲ. ಸ್ಟೀರಿಂಗಿನ ಮೇಲೆ ಹಣೆ ಊರಿದ್ದಳು. ನಾನು ಬಾಗಿಲು ತೆಗೆಯಲಿಲ್ಲ. ನಿಂತು ನಿಂತು ಏನು ಮಾಡಲಿ ಎಂದು ಕರ್ಚೀಫು ತೆಗೆದು ಅವಳ ಬದಿಯ ಕನ್ನಡಿ ಒರೆಸಿದೆ. ಆಮೇಲೆ ಮುಂದಿನ ಗಾಜು. ಧೂಳು ಬಹಳವಿತ್ತು. ಒರೆಸಿ ಮುಗಿಯುವ ಹೊತ್ತಿಗೆ ಅವಳು ಮುಖ ತೊಳೆದುಕೊಂಡಿದ್ದಳು, ಬಾಟಲಿಯ ನೀರಿನಿಂದ.

“ಕರ್ಚೀಫು ಹಾಳು ಮಾಡಿದ್ರಿ” ಅಂದಳು. ಹೊರಟೆವು.

ಮಾರ್ಚ್ 20, ಗುರುವಾರ

ಮನೆ ಬಹಳ ಸುಮ್ಮನಿದೆ ಎಂದು ಅವಳಿಗೇ ಅನ್ನಿಸಿತಂತೆ. ಸಂಜೆ ತಾನಾಗಿಯೇ ಮಾತಿಗೆ ಕೂತಳು. ಗುಮಾಸ್ತರು ಇವತ್ತು ಪರೀಕ್ಷೆಯಲ್ಲಿ ಪಾಸಾದದ್ದು, ಚಿಕ್ಕವಳಿದ್ದಾಗ ತಾನು ಟ್ರ್ಯಾಕ್ಟರು ಓಡಿಸಿ ಗೋಡೆ ಬೀಳಿಸಿದ್ದು. ಇವಳು ಇಷ್ಟು ಚೆನ್ನಾಗಿ ಮಾತಾಡುತ್ತಾಳೆಂದು ಗೊತ್ತಿರಲಿಲ್ಲ. ಎರಡು ವರ್ಷದಲ್ಲಿ ಸಂದು ಸಿಕ್ಕಿರಲಿಲ್ಲವೋ ಏನೋ.

ಆಮೇಲೆ ಬಟ್ಟೆ ಮಡಿಸುತ್ತ, ನನ್ನ ಕಡೆ ನೋಡದೆ ಹೇಳಿದಳು. “ನಮಗೆ ಹೇಗೆ ಅಂದ್ರೆ, ಅದನ್ನ ಬಾಯಲ್ಲಿ ಹೇಳಿಬಿಟ್ರೆ ಅಲ್ಲಿಗೆ ಮುಗಿದುಹೋಯ್ತೇನೋ ಅನ್ನಿಸತ್ತೆ. ಕೊಟ್ಟು ಕೈತೊಳೆದುಕೊಂಡ ಹಾಗೆ. ನೀವು ದಿನಾ ಹೇಳುವಾಗ ನನಗೆ ಭಯ ಆಗ್ತಿತ್ತು, ಖರ್ಚಾಗಿ ಹೋಗತ್ತೆ ಅಂತ.”

ಇನ್ನೊಂದು ಬಟ್ಟೆ ಎತ್ತಿಕೊಂಡು, “ಕಲ್ಲು ಅಂದ್ರಲ್ಲ, ಅದನ್ನ ನಾನು ಯಾರ ಹತ್ರಾನೂ ಹೇಳಿಲ್ಲ” ಅಂದಳು.

ಸ್ಲೇಟು ಕೈಯಳತೆಯಲ್ಲೇ ಇತ್ತು. ತೆಗೆದುಕೊಳ್ಳಲಿಲ್ಲ. ಏನು ಬರೆದರೂ ಅಳಿಸಿಬಿಡುತ್ತಾಳೆ. ದೊಡ್ಡ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದುಕೊಂಡೆ. ಒಬ್ಬರೇ ಮಡಿಸಲು ಆಗುವಂಥದ್ದಲ್ಲ ಅದು. ಇಷ್ಟು ದಿನ ಹೇಗೆ ಮಡಿಸುತ್ತಿದ್ದಳೋ.

ಮಾರ್ಚ್ 22, ಶನಿವಾರ

ಏನೂ ವಿಶೇಷವಿಲ್ಲ. ಅವಳ ಚಪ್ಪಲಿಯ ಪಟ್ಟಿ ಕಿತ್ತಿತ್ತು, ಹೊಲಿಸಿ ತಂದೆ. ಫ್ಯಾನ್ ಸರಿಮಾಡಿದೆ. ಅಮ್ಮ ಫೋನಿನಲ್ಲಿ, ಬಾಯಿ ಬಂದ ಕೂಡಲೇ ಹೆಂಡತಿಗೆ ಏನು ಹೇಳಬೇಕೆಂದು ಈಗಲೇ ಯೋಚಿಸಿಟ್ಟುಕೊ ಬಂಗಾರ ಎಂದಳು. ಯೋಚಿಸಿಟ್ಟುಕೊಂಡಿದ್ದೇನೆ. ಒಳ್ಳೆಯ ವಾಕ್ಯ.

ಮಾರ್ಚ್ 25, ಮಂಗಳವಾರ

ಡಾಕ್ಟರು ನಿಧಾನವಾಗಿ ಏನಾದರೂ ಹೇಳಿ ಎಂದರು. ಹೆಂಡತಿ ಪಕ್ಕದಲ್ಲೇ ಇದ್ದಳು. ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಆದರೆ ಅಭ್ಯಾಸಬಲ, “ಪ್ರಯಾಣಿಕರ ಗಮನಕ್ಕೆ” ಎಂದುಬಿಟ್ಟೆ.

ಅದು ನನ್ನ ದನಿಯಲ್ಲ. ತಗ್ಗಿ, ಒಡೆದು, ಅರ್ಧ ಗಾಳಿಯಾಗಿ ಬಂತು. ಸ್ವಲ್ಪ ಸುಧಾರಿಸುತ್ತದೆ, ಮೊದಲಿನ ಹಾಗೆ ಆಗುವುದಿಲ್ಲ, ಮೈಕಿನ ಕೆಲಸ ಇನ್ನು ಬೇಡ ಎಂದರು ಡಾಕ್ಟರು. ಊರಿಗೆ ಊರೇ ಗುರುತು ಹಿಡಿಯುತ್ತಿದ್ದ ದನಿ ಅದು. ಅದಿಲ್ಲದೆ ನಾನು ಯಾರು?

ಮೆಟ್ಟಿಲಿಳಿಯುವಾಗ ಹೆಂಡತಿ, “ಕಾಗೆಗೆ ನೆಗಡಿಯಾದ ಹಾಗಿದೆ” ಅಂದಳು. ನನಗೆ ನಗು ಬಂತು. ಸದ್ದಿರುವ ನಗು, ಅದೂ ಕಾಗೆಯದೇ. ಅವಳು ಕೈ ಹಿಡಿದುಕೊಂಡಳು. ಹಗಲು ಹೊತ್ತಿನಲ್ಲಿ, ಜನ ಓಡಾಡುವ ಮೆಟ್ಟಿಲ ಮೇಲೆ.

“ಮೆಟ್ಟಿಲು ಜಾರತ್ತೆ ಇಲ್ಲಿ” ಅಂದಳು.

ಜಾರುತ್ತಿರಲಿಲ್ಲ.

ಯೋಚಿಸಿಟ್ಟ ವಾಕ್ಯ ಹೇಳಲಿಲ್ಲ. ಅವಸರವೇನಿಲ್ಲ.

ಏಪ್ರಿಲ್ 3, ಗುರುವಾರ

ಕೆಲಸಕ್ಕೆ ಹೋಗಲು ಶುರುಮಾಡಿ ನಾಲ್ಕು ದಿನವಾಯಿತು. ನನ್ನನ್ನು ವಿಚಾರಣೆಯ ಕಿಟಕಿಗೆ ಹಾಕಿದ್ದಾರೆ. ಮೈಕಿನಲ್ಲಿ ಈಗ ಒಬ್ಬ ಹೊಸ ಹೆಂಗಸು ಹೇಳುತ್ತಾರೆ, ಚೆನ್ನಾಗಿಯೇ ಹೇಳುತ್ತಾರೆ. ಮೊದಲ ದಿನ ಅದನ್ನು ಕೇಳಿ ಎದ್ದುಹೋಗೋಣ ಅನ್ನಿಸಿತ್ತು. ಮೈಕಿನಿಂದ ಕೂಗುತ್ತಿದ್ದಾಗ ನನಗೆ ಯಾರ ಮುಖವೂ ಕಾಣುತ್ತಿರಲಿಲ್ಲ. ಇಲ್ಲಿ ಒಬ್ಬೊಬ್ಬರೇ ಬಂದು ನಿಲ್ಲುತ್ತಾರೆ. ನನ್ನ ದನಿ ಸಣ್ಣದಾದ್ದರಿಂದ ಹತ್ತಿರ ಬಗ್ಗುತ್ತಾರೆ, ಬಗ್ಗಿದವರು ತಮ್ಮ ಕಥೆಯನ್ನೂ ಹೇಳುತ್ತಾರೆ. ಮಗಳ ಬಾಣಂತನಕ್ಕೆ ಹೊರಟವರು, ಸಿಟ್ಟು ಮಾಡಿಕೊಂಡು ಹೊರಟವರು. ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಏಪ್ರಿಲ್ 8, ಮಂಗಳವಾರ

ಮಧ್ಯಾಹ್ನ ಕಿಟಕಿಯ ಮುಂದೆ ಉದ್ದ ಸಾಲಿತ್ತು. ತಲೆ ಎತ್ತಿದರೆ ಸಾಲಿನಲ್ಲಿ ಹೆಂಡತಿ. ಪಕ್ಕದ ಬಾಗಿಲಿಂದ ಒಳಗೆ ಬರಬಹುದಿತ್ತು, ಬರದೆ ಎಲ್ಲರ ಹಾಗೆ ನಿಂತಿದ್ದಳು. ಸರದಿ ಬಂದಾಗ ಕಿಟಕಿಯ ಕಟ್ಟೆ ಹಿಡಿದುಕೊಂಡು, ಕಣ್ಣನ್ನು ವೇಳಾಪಟ್ಟಿಯ ಮೇಲೆ ನೆಟ್ಟು, ಲೈಸೆನ್ಸ್ ಪರೀಕ್ಷೆಗೆ ನಿಂತವರ ದನಿಯಲ್ಲಿ ಹೇಳಿದಳು.

“ನೀವಂದ್ರೆ ನನಗೆ ಇಷ್ಟ.”

ಕಿವಿಯ ತುದಿಯವರೆಗೂ ಕೆಂಪಾಗಿದ್ದಳು. ಹಿಂದೆ ನಿಂತಿದ್ದ ಯಜಮಾನರು ಸರಿಯಾಗಿ ಕೇಳಿಸದೆ, ಅಲ್ಲಿಗೆ ನೇರ ಬಸ್ಸಿದೆಯಾ ಎಂದು ನನ್ನನ್ನು ಕೇಳಿದರು.

ನನಗೆ ಅವಳ ಮುಖ ಕಂಡಿತು. ಬಿಸಿಲಿಗೆ ಬಾಡಿಹೋಗಿತ್ತು, ತುಟಿ ಒಣಗಿತ್ತು. ಬೆಳಗಿನಿಂದ ಒಂದರ ಹಿಂದೊಂದು ಪಾಠ ಮುಗಿಸಿ, ಊಟದ ಬಿಡುವಿನಲ್ಲಿ ಇಲ್ಲಿಯವರೆಗೆ ನಡೆದುಕೊಂಡೇ ಬಂದಿದ್ದಾಳೆ.

“ಊಟ ಮಾಡಿಲ್ಲ ಅಲ್ವಾ ನೀನು? ಈ ಬಿಸಿಲಲ್ಲಿ ಹೊಟ್ಟೆಗೆ ಏನೂ ಇಲ್ಲದೆ ಓಡಾಡ್ತಿದ್ದೀಯಲ್ಲ, ತಲೆಯಲ್ಲಿ ಏನಿದೆ ನಿನಗೆ? ಬಿದ್ದುಗಿದ್ದರೆ ಯಾರು ನೋಡ್ಕೋತಾರೆ? ಕ್ಯಾಂಟೀನಲ್ಲಿ ಕೂತಿರು. ಅಲ್ಲಿ ನೆರಳಿದೆ. ನಡಿ ಮೊದಲು.”

ಅವಳು ಅಲ್ಲೇ ನಿಂತಳು. ಕಣ್ಣು ತುಂಬಿಕೊಂಡವು. ಆಮೇಲೆ ತಲೆ ತಗ್ಗಿಸಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕ್ಯಾಂಟೀನಿನ ಕಡೆ ಹೋದಳು.

ಸಂಜೆ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಮ್ಮ ನೊಂದುಕೊಂಡಳು. ಜನ್ಮಕ್ಕೊಂದು ಸಲ ಆ ಹುಡುಗಿ ಬಾಯಿಬಿಟ್ಟು ಹೇಳಿದಾಗ ಹಾಗಾ ಬೈಯೋದು, ನಮ್ಮ ಮನೆಯಲ್ಲಿ ಬೆಳೆದವನಾ ನೀನು ಎಂದಳು. ಅಮ್ಮ ಹೇಳುವುದೂ ಸರಿಯೇ. ನಾಲ್ಕು ಒಳ್ಳೆಯ ಮಾತು ಹೇಳಬೇಕಿತ್ತು. ಹೇಗೆ ಮರೆತೆನೋ ಗೊತ್ತಿಲ್ಲ. ಗಂಟಲು ಒರಟಾಗಿ, ಸಾಮಾನ್ಯ ಮಾತೂ ಬೈಗುಳದಂತೆ ಕೇಳಿಸಿತೋ ಏನೋ.

“ಪಾಪ, ಅವಳು ಏನಂದಳು ಅದಕ್ಕೆ?” ಎಂದಳು ಅಮ್ಮ.

“ಏನೂ ಅನ್ನಲಿಲ್ಲಮ್ಮ. ಹೋಗಿ ಎರಡು ತಟ್ಟೆ ಊಟ ತಗೊಂಡು, ನಾನು ಬರೋವರೆಗೆ ಮುಟ್ಟದೆ ಕಾದಿದ್ದಳು.”